ರೀಕೆಲ್ಟ್ ಆಡಿದ ಎರಡು ಮಾತು

ಮೀನುಗಾರರ ಊರಾದ ಉರ್ಕ್‌ನಲ್ಲಿ ರೀಕೆಲ್ಟ್ ಎಂದರೆ ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವನು ಎಂದು ಎಲ್ಲರೂ ಹೇಳುತ್ತಿದ್ದರು. ಹದಿನಾಲ್ಕು ವರ್ಷಕ್ಕೆ ಮೀನು ಬೋಟು ಹತ್ತಿದವನು, ಮೂವತ್ತಕ್ಕೆ ತನ್ನದೇ ಬೋಟಿನ ಯಜಮಾನನಾದ. ಬೇರೆ ಬಂದರಿನವರು ಬಲೆ ಹರಿದರೆ ದೇವರನ್ನೂ ಸೈತಾನನನ್ನೂ ಒಟ್ಟಿಗೆ ಕರೆದು ಜಾಲಾಡುತ್ತಾರೆ. ರೀಕೆಲ್ಟನ ಬೋಟಿನಲ್ಲಿ ಬಲೆ ಹರಿದರೆ "ಹೋಯ್ತು" ಎನ್ನುತ್ತಿದ್ದರು, ಇನ್ನೊಂದು ಬಲೆ ಕಟ್ಟುತ್ತಿದ್ದರು. ಒಮ್ಮೆ ಡೆನ್ಮಾರ್ಕಿನ ಬಂದರಿನಲ್ಲಿ ಇಂಜಿನ್ ರಿಪೇರಿಗೆ ಬಂದ ಮೆಕ್ಯಾನಿಕ್ ಬೋಲ್ಟು ಬಿಚ್ಚಲಾಗದೆ ದೇವರ ಹೆಸರೆತ್ತಿ ಬೈದ. ರೀಕೆಲ್ಟ್ ಅವನ ಕೈಗೆ ಅವನ ಪೆಟ್ಟಿಗೆ ಕೊಟ್ಟು ಕಳಿಸಿಬಿಟ್ಟ. ಇನ್ನೊಬ್ಬ ಸಿಗುವುದಕ್ಕೆ ಒಂದೂವರೆ ದಿನ ಹಿಡಿಯಿತು, ಹಿಡಿದಿದ್ದ ಮೀನಿನಲ್ಲಿ ಅರ್ಧ ಹಾಳಾಯಿತು. ಊರಿನವರು ಆ ಕಥೆಯನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದರು.

ಅವನ ಬೋಟಿನಲ್ಲಿ ಡೆಕ್ಕಿನ ಕೆಲಸಕ್ಕೆ ಇದ್ದವನು ಟೀಮನ್, ರೀಕೆಲ್ಟನ ಹೆಂಡತಿ ಫೆಮ್ಮಾಳ ಅಣ್ಣ. ವಯಸ್ಸು ಐವತ್ತಮೂರು, ಚರ್ಚಿನಲ್ಲಿ ಸಭೆಯ ಹಿರಿಯ. ಸೋಮವಾರದಿಂದ ಶುಕ್ರವಾರದವರೆಗೆ ರೀಕೆಲ್ಟ್ ಹೇಳಿದ್ದನ್ನು ಟೀಮನ್ ಕೇಳಬೇಕು, ಭಾನುವಾರ ಟೀಮನ್ ಹೇಳಿದ್ದನ್ನು ರೀಕೆಲ್ಟ್ ಕೇಳಬೇಕು. ಇಬ್ಬರಿಗೂ ಇದರಲ್ಲಿ ತಕರಾರು ಇರಲಿಲ್ಲ. ಟೀಮನ್ ಜೀವಮಾನದಲ್ಲಿ ಒಂದು ಸುಳ್ಳು ಹೇಳಿದ್ದನ್ನು ಯಾರೂ ಕಂಡಿರಲಿಲ್ಲ. ಅವನಿಗೆ ಅಡುಗೆ ಬಡಿಸಿ "ಹೇಗಿದೆ?" ಎಂದು ಕೇಳಲು ಹೆಂಗಸರು ಹೆದರುತ್ತಿದ್ದರು.

ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಆ ವಸಂತದಲ್ಲಿ ಫೆಮ್ಮಾಳಿಗೆ ಹೆಣ್ಣು ಮಗು ಹುಟ್ಟಿತು. ಅದಕ್ಕೆ ಮೊದಲು ಎರಡನ್ನು ಮಣ್ಣು ಮಾಡಿದ್ದರು, ಎರಡಕ್ಕೂ ಮಗುವನ್ನು ದೇವರಿಗೆ ಒಪ್ಪಿಸುವ ದೀಕ್ಷಾಸ್ನಾನವಾಗಿರಲಿಲ್ಲ. ಈ ಮಗುವಿನ ಎದೆಯಲ್ಲೂ ಹುಟ್ಟಿದಾಗಿನಿಂದ ಗುರುಗುರು ಸದ್ದು. ಫೆಮ್ಮಾಳ ಅಮ್ಮನ ಹೆಸರನ್ನೇ, ಯಾನ್ನಾ ಎಂದು, ಇಡುವುದೆಂದು ತೀರ್ಮಾನವಾಗಿತ್ತು. ಮುಂದಿನ ಭಾನುವಾರವೇ ದೀಕ್ಷಾಸ್ನಾನ. ಅಪ್ಪ ಅಮ್ಮ ಇಬ್ಬರೂ ಎದ್ದು ನಿಂತು, ಪಾದ್ರಿಯ ಪ್ರಶ್ನೆಗೆ ಇಡೀ ಸಭೆಯ ಎದುರು "ಹೌದು" ಎನ್ನಬೇಕು.

ಅದು ನಡೆದದ್ದು ಅದಕ್ಕೆ ಮೊದಲಿನ ಬುಧವಾರ ಬೆಳಗ್ಗೆ ಉತ್ತರ ಸಮುದ್ರದಲ್ಲಿ. ಅಲೆ ಜೋರಿತ್ತು. ರೀಕೆಲ್ಟ್ ಚುಕ್ಕಾಣಿ ಕೋಣೆಯಲ್ಲಿ ನಿಂತು, ಮೈಕು ಹಿಡಿದು, ಇನ್ನೊಂದು ಬೋಟಿನವರೊಂದಿಗೆ ರೇಡಿಯೋದಲ್ಲಿ ಮಾತಾಡುತ್ತಿದ್ದ. ಕೆಳಗೆ ಡೆಕ್ಕಿನಲ್ಲಿ ಹಗ್ಗ ಸುತ್ತುವ ಯಂತ್ರ, ವಿಂಚು, ಬಲೆ ಎಳೆಯುತ್ತಿತ್ತು. ನೋಡುತ್ತಾನೆ, ಉಕ್ಕಿನ ಹಗ್ಗದ ಎಳೆ ಒಂದೊಂದೇ ಬಿಚ್ಚಿಕೊಳ್ಳುತ್ತಿದೆ. ಟೀಮನ್ ಅದರ ಪಕ್ಕದಲ್ಲೇ ಬಗ್ಗಿ ನಿಂತಿದ್ದಾನೆ. ರೀಕೆಲ್ಟ್ ವಿಂಚು ನಿಲ್ಲಿಸಿದ, ಆದರೆ ಬೋಟನ್ನು ಅಲೆ ಎತ್ತಿ ಹಗ್ಗವನ್ನು ಬಿಗಿಯುತ್ತಿದ್ದಾಗ ವಿಂಚು ನಿಲ್ಲಿಸಿ ಏನು ಬಂತು? ಇನ್ನೊಂದು ಕೈಯಿಂದ ಡೆಕ್ಕಿನ ಸ್ಪೀಕರ್ ಹಚ್ಚಿ ಮೂರು ಸಲ ಹೆಸರು ಹಿಡಿದು ಕೂಗಿದ. ದಿನವಿಡೀ ಕೂಗಿಸಿಕೊಳ್ಳುವ ಹೆಸರು ಅದು, ಟೀಮನ್ ಬಗ್ಗಿದ ತಲೆ ಎತ್ತದೆ "ಬಂದೆ" ಎಂದು ಕೈ ಆಡಿಸಿದ.

ಆಗ ರೀಕೆಲ್ಟನ ಬಾಯಿಂದ ಆ ಮಾತು ಬಂತು. ದೇವರ ಹೆಸರಿಗೆ ಶಾಪ ಸೇರಿಸಿ ಆಡುವ ಮಾತು. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆಯುವವರಿಗೂ ಅದೇ ಚರ್ಚು. ಟೀಮನ್ ನೆಟ್ಟಗಾದ. ಕೈಲಿದ್ದ ಕೊಕ್ಕೆ ಎಸೆದ. ಮುಖ ಕೆಂಪಾಗಿ, ಯಜಮಾನನಿಗೆ ಬುದ್ಧಿ ಹೇಳಬೇಕೆಂದು ಚುಕ್ಕಾಣಿ ಕೋಣೆಯ ಕಡೆಗೆ ನಾಲ್ಕು ಹೆಜ್ಜೆ ಇಟ್ಟ. ಹಿಂದೆ ಹಗ್ಗ ಕಡಿಯಿತು. ಅದರ ತುದಿ ಅವನು ನಿಂತಿದ್ದ ಜಾಗದಲ್ಲಿ ಕಬ್ಬಿಣದ ಕಟಕಟೆಯನ್ನು ಸೌತೆಕಾಯಿ ಕೊಚ್ಚಿದಂತೆ ಕೊಚ್ಚಿ ಹಾಕಿತು.

ರೀಕೆಲ್ಟ್ ಆಗ ತನ್ನ ಕೈ ನೋಡಿಕೊಂಡ. ಎಡಗೈಯಲ್ಲಿ ರೇಡಿಯೋದ ಮೈಕು, ಅದರ ಗುಂಡಿಯನ್ನು ಇನ್ನೂ ಒತ್ತಿಯೇ ಇದ್ದ ಹೆಬ್ಬೆರಳು. ಉರ್ಕ್‌ನ ಪ್ರತಿ ಅಡುಗೆಮನೆಯಲ್ಲೂ ಗಂಡಂದಿರ ದನಿ ಕೇಳಲೆಂದು ಹೆಂಗಸರು ಬೋಟಿನ ರೇಡಿಯೋ ಹಚ್ಚಿಟ್ಟಿರುತ್ತಾರೆ. ಹಾಲು ಕುಡಿಸುತ್ತಿದ್ದ ಫೆಮ್ಮಾಳಿಗೂ ಕೇಳಿಸಿತು, ಬೀದಿಯ ಉಳಿದ ಮೂವತ್ತು ಮನೆಗೂ ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ಪಾದ್ರಿಯ ಹೆಂಡತಿಗೆ ಹೇಳಿದವರೇ ಐದು ಜನ. ಪಾಪ, ಐವರೂ ಬಹಳ ನೊಂದುಕೊಂಡು, ಆ ಮಾತನ್ನು ಅಕ್ಷರ ಬಿಡದೆ ಹೇಳಿದರಂತೆ.

ಶುಕ್ರವಾರ ಸಂಜೆ ಬೋಟು ಬಂದರಿಗೆ ಬಂತು. ರೀಕೆಲ್ಟ್ ಮನೆ ಸೇರಿ ಕೈಕಾಲು ತೊಳೆಯುವಷ್ಟರಲ್ಲಿ ಟೀಮನ್ ಕಪ್ಪು ಕೋಟು ಹಾಕಿ ಬಾಗಿಲಲ್ಲಿ ನಿಂತಿದ್ದ. ತಪ್ಪು ಮಾಡಿದವನ ಜೊತೆ ಮೊದಲು ಇಬ್ಬರೇ ಕೂತು ಮಾತಾಡಬೇಕು, ಅವನು ಒಪ್ಪದಿದ್ದರೆ ಮಾತ್ರ ಹಿರಿಯರ ಸಭೆಗೆ ಒಯ್ಯಬೇಕು, ಅದು ಚರ್ಚಿನ ಕ್ರಮ. ಮೂರು ದಿನ ಒಂದೇ ಬೋಟಿನಲ್ಲಿದ್ದರೂ ಟೀಮನ್ ಈ ವಿಷಯ ಎತ್ತಿರಲಿಲ್ಲ. ಅಲ್ಲಿ ಅವನು ಕೆಲಸದ ಆಳು, ಹಿರಿಯನಲ್ಲ. ಫೆಮ್ಮಾ ಕಾಫಿ ಇಟ್ಟು ಮಗುವನ್ನೆತ್ತಿಕೊಂಡು ಒಳಗೆ ಹೋದಳು, ಬಾಗಿಲು ಮಾತ್ರ ಪೂರ್ತಿ ಮುಚ್ಚಲಿಲ್ಲ.

"ತಪ್ಪಾಯ್ತು ಅನ್ನು, ರೀಕೆಲ್ಟ್. ಇಲ್ಲೇ ಮುಗಿಸೋಣ," ಎಂದ ಟೀಮನ್.

"ಆ ಮಾತು ಆಡ್ದೇ ಇದ್ದಿದ್ರೆ ನೀನು ಇವತ್ತು ಈ ಕುರ್ಚಿ ಮೇಲೆ ಕೂತಿರ್ತಿರ್ಲಿಲ್ಲ, ಭಾವ."

"ಸತ್ರೆ ನಾನೆಲ್ಲಿಗೆ ಹೋಗ್ತೀನಿ ಅಂತ ನಂಗೊತ್ತಿತ್ತು. ನೀನೆಲ್ಲಿಗೆ ಹೋಗ್ತೀಯ ಅನ್ನೋದೇ ನನ್ನ ಚಿಂತೆ."

ರೀಕೆಲ್ಟನಿಗೆ ಸಿಟ್ಟು ಬಂತು, ಆದರೆ ನಿಲ್ಲಲಿಲ್ಲ. ಇವನು ಹೀಗನ್ನುವುದು ನಾಟಕವಲ್ಲ, ಮನಸಾರೆ ಅನ್ನುತ್ತಿದ್ದಾನೆ ಎಂದು ಅವನಿಗೆ ಗೊತ್ತು. ಅಂಥ ಮಾತು ತನ್ನೊಳಗೆ ಇದ್ದದ್ದಕ್ಕೆ ತನಗೂ ನಾಚಿಕೆಯಾಗಿದೆ, ಎರಡು ರಾತ್ರಿ ನಿದ್ದೆ ಬಂದಿಲ್ಲ ಎಂದ. ಆದರೆ ಆಡಿದ್ದಕ್ಕೆ ಪಶ್ಚಾತ್ತಾಪ ಇದೆ ಎಂದು ಹೇಗೆ ಹೇಳುವುದು?

"ನಾಳೆ ನೀನು ಮತ್ತೆ ಅಲ್ಲೇ ನಿಂತಿದ್ರೆ, ಮತ್ತೆ ಅದನ್ನೇ ಕೂಗ್ತೀನಿ ಭಾವ. ಸುಳ್ಳು ಹೇಳ್ಲಾ ನಿಂಗೆ?"

ಟೀಮನ್ ಕಾಫಿ ಮುಟ್ಟದೆ ಎದ್ದ. ಹಾಗಾದರೆ ನಾಳೆ ಮೂರಕ್ಕೆ ಹಿರಿಯರ ಸಭೆಗೆ ಬಾ ಎಂದ. ಪಶ್ಚಾತ್ತಾಪವಿಲ್ಲದ ತಂದೆ ಭಾನುವಾರ ಮಗು ಎತ್ತಿಕೊಂಡು ನಿಲ್ಲುವಂತಿಲ್ಲ, ದೀಕ್ಷಾಸ್ನಾನ ಮುಂದಕ್ಕೆ ಹೋಗುತ್ತದೆ ಎಂದು ಹೇಳುವಾಗ ಒಳಬಾಗಿಲ ಕಡೆ ನೋಡಿದ. ಅವನ ತಾಯಿಯ ಹೆಸರಿಡುವ ಮಗು ಅದು.

ಶನಿವಾರ ಫೆಮ್ಮಾ ಎಲ್ಲ ಹೆಂಗಸರ ಹಾಗೆ ಬಾಗಿಲ ಮುಂದೆ ನೀರು ಹಾಕಿ ಉಜ್ಜಿದಳು, ಯಾರ ಮುಖವನ್ನೂ ನೋಡಲಿಲ್ಲ. ಎರಡೂವರೆಗೆ ರೀಕೆಲ್ಟ್ ಕೋಟು ಹಾಕುತ್ತಿದ್ದಾಗ ಮಗುವನ್ನು ತಂದು ಅವನ ಎದೆಗೆ ಒರಗಿಸಿದಳು. ಆ ಗುರುಗುರು ಅವನ ಅಂಗೈಗೆ ತಾಗಿತು.

"ಎರಡನ್ನ ಹಾಗೇ ಕಳಿಸ್ದೆ," ಎಂದಳು. "ಇದನ್ನೂ ಹಾಗೇ ಕಳಿಸೋಕೆ ನನ್ನಿಂದ ಆಗಲ್ಲ. ಅವರಿಗೆ ಏನು ಬೇಕೋ ಅದು ಹೇಳ್ಬಿಡಿ."

ಹಿರಿಯರ ಸಭೆಯ ಕೋಣೆಯಲ್ಲಿ ಉದ್ದ ಮೇಜು, ಅದರ ಸುತ್ತ ಎಂಟು ಜನ, ತುದಿಯಲ್ಲಿ ಪಾದ್ರಿ. ಪಾದ್ರಿ ಕೆಟ್ಟವನಲ್ಲ. ಅಂಥ ಹೊತ್ತಿನಲ್ಲಿ ಯಾರ ಬಾಯಲ್ಲೂ ಏನು ಬರುತ್ತದೋ ತನಗೂ ಗೊತ್ತಿಲ್ಲ, ಆದರೆ ಇಡೀ ಊರು ಕೇಳಿಸಿಕೊಂಡಿದೆ, ಕೇಳಿಸದ ಹಾಗೆ ಕೂರಲು ಆಗುವುದಿಲ್ಲ ಎಂದ. ಆಮೇಲೆ ಕೇಳಿದ, "ರೀಕೆಲ್ಟ್, ಆ ಮಾತಿಗೆ ಪಶ್ಚಾತ್ತಾಪ ಇದೆಯಾ?"

ರೀಕೆಲ್ಟ್ ಟೀಮನ್ನನ ಕಡೆ ನೋಡಲಿಲ್ಲ. "ಇದೆ, ಅಯ್ಯನವರೇ."

"ಮತ್ತೆ ಅಂಥದೇ ಹೊತ್ತು ಬಂದ್ರೆ?"

ಆಡಲ್ಲ ಎಂದರೆ ಟೀಮನ್ ಸಾಯಲಿ ಎಂದ ಹಾಗೆ. ಟೀಮನ್ ಎರಡು ಮೊಳ ದೂರದಲ್ಲಿ ಕೂತು ಉಸಿರಾಡುತ್ತಿದ್ದಾನೆ.

"ಆಡಲ್ಲ," ಎಂದ ರೀಕೆಲ್ಟ್.

ಪಾದ್ರಿ ಟೀಮನ್ನನ ಕಡೆ ತಿರುಗಿದ. ದೂರು ತಂದವನು ಒಪ್ಪಿದರೆ ಮಾತ್ರ ವಿಷಯ ಮುಗಿಯಿತೆಂದು ಬರೆದುಕೊಳ್ಳುತ್ತಾರೆ. ಇಲ್ಲ ಎನ್ನಲು ಟೀಮನ್ನನಿಗೆ ಒಂದು ಮಾತು ಸಾಕಿತ್ತು: ಇವನು ನಿನ್ನೆ ನನ್ನ ಮುಂದೆ ಬೇರೆ ಹೇಳಿದ. ಅವನು ಮೇಜಿನ ಅಂಚು ಹಿಡಿದುಕೊಂಡ.

"ನಿಜವಾದ ಪಶ್ಚಾತ್ತಾಪ," ಎಂದ ಟೀಮನ್. "ನಾನು ಒಪ್ಪಿದೀನಿ."

ಎಲ್ಲರೂ ಎದ್ದು ಕೈ ಕುಲುಕಿದರು. ಟೀಮನ್ನನ ಕೈ ಸಮುದ್ರದಿಂದ ಈಗಷ್ಟೇ ತೆಗೆದಂತೆ ತಣ್ಣಗಿತ್ತು.

ಭಾನುವಾರ ಯಾನ್ನಾಳಿಗೆ ದೀಕ್ಷಾಸ್ನಾನವಾಯಿತು. ತಲೆಯ ಮೇಲೆ ನೀರು ಬಿದ್ದಾಗ ಅವಳು ಅಳಲಿಲ್ಲ, ಸೀನಿದಳು, ಜನ ನಕ್ಕರು. ರೀಕೆಲ್ಟ್ "ಹೌದು" ಎಂದದ್ದು ಹಿಂದಿನ ಸಾಲಿಗೂ ಕೇಳಿಸಿತು. ಎಲ್ಲ ಸರಿಹೋಯಿತೆಂದು ಊರು ನಿಟ್ಟುಸಿರು ಬಿಟ್ಟಿತು. ಮರುದಿನ ಇಬ್ಬರೂ ಸಮುದ್ರಕ್ಕೆ ಹೋದರು. ಆ ವಾರ ಟೀಮನ್ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ, ಊಟದ ಮುಂದಿನ ಪ್ರಾರ್ಥನೆಯನ್ನೂ ಬೇರೆಯವರಿಂದ ಹೇಳಿಸಿದ.

ಅದರ ಮುಂದಿನ ಭಾನುವಾರ ಕರ್ತನ ಭೋಜನ, ಸಭೆಯೆಲ್ಲ ಒಂದೇ ಮೇಜಿನಲ್ಲಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ದಿನ; ಒಪ್ಪಿಕೊಳ್ಳದ ಪಾಪ ಮನಸ್ಸಿನಲ್ಲಿ ಇದ್ದವರು ಆ ಮೇಜಿಗೆ ಹೋಗುವಂತಿಲ್ಲ. ಚರ್ಚಿನ ಮುಂಭಾಗದಲ್ಲಿ ಬಿಳಿ ಬಟ್ಟೆ ಹಾಸಿದ ಉದ್ದ ಮೇಜು. ಪಾದ್ರಿ ಕರೆದಾಗ ಜನ ಸಾಲು ಸಾಲಾಗಿ ಎದ್ದರು. ಫೆಮ್ಮಾ ಎದ್ದು ಎರಡು ಹೆಜ್ಜೆ ನಡೆದು ಹಿಂದೆ ನೋಡಿದಳು. ರೀಕೆಲ್ಟ್ ಕೂತೇ ಇದ್ದ. ಹೋಗು ಎಂದು ಕೈ ಮಾಡಿದ. ಅವಳು ಹಿರಿಯರ ಬೆಂಚಿನ ಕಡೆ ತಿರುಗಿದಳು. ಏಳು ಜನ ಎದ್ದಿದ್ದರು. ಅವಳ ಅಣ್ಣ ಮಾತ್ರ ಮೊಣಕಾಲ ನಡುವೆ ಕೈ ಇಟ್ಟು, ತಲೆ ತಗ್ಗಿಸಿ ಕೂತಿದ್ದ. ಇಪ್ಪತ್ತು ವರ್ಷದಲ್ಲಿ ಟೀಮನ್ ಆ ಮೇಜು ತಪ್ಪಿಸಿದ್ದಿಲ್ಲ.

ಅವಳು ವಾಪಸು ಬಂದು ಗಂಡನ ಕಿವಿಯ ಹತ್ತಿರ ಬಗ್ಗಿದಳು. "ಇನ್ನೂ ಆ ಬೈಗುಳಾನೇ ಮನಸ್ಸಲ್ಲಿ ಇಟ್ಕೊಂಡಿದೀರಾ?"

"ಅದಾಗಿದ್ರೆ ಹೋಗ್ತಿದ್ದೆ," ಎಂದ ರೀಕೆಲ್ಟ್.

ಫೆಮ್ಮಾ ಅಣ್ಣನ ಕಡೆ ಇನ್ನೊಮ್ಮೆ ನೋಡಿದಳು. ಆಮೇಲೆ ಗಂಡನ ಪಕ್ಕದಲ್ಲಿ ಕೂತಳು.