ವಾಪಸ್ ಕಳಿಸಿದ ಪಾಲು

ಬೆಳಿಗ್ಗೆ ಕಾಫಿ ಸೋಸುತ್ತಿದ್ದಾಗ ಅಡುಗೆಮನೆಯ ಕಿಟಕಿಯಿಂದ ಕೂದಲು ಸುಟ್ಟ ವಾಸನೆ ಬಂತು. ನನ್ನದೇ ಜಡೆ ಒಲೆಗೆ ತಾಗಿತೇನೋ ಎಂದು ಮುಟ್ಟಿ ನೋಡಿಕೊಂಡೆ. ಅಲ್ಲ. ಗದ್ದೆಯಾಚೆ ಸುರೇಶ ಭಾವನ ಮನೆಯ ಹಿಂದೆ ಒಣಹುಲ್ಲಿನ ಹೊಗೆ ಏಳುತ್ತಿತ್ತು. ನಮ್ಮ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನೀವು ಬಯಲುಸೀಮೆಯವರಾದರೆ ಕೇಳಿ, ಅಲ್ಲಿ ಹಂದಿಯ ರೋಮ ಸುಡುತ್ತಿದ್ದಾರೆ. ಸಾಕಿದ್ದೋ ಕಾಡಿನದೋ ಎಂದು ವಿಚಾರಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ಒಮ್ಮೆ ನಾನು ವಿಚಾರಿಸಿದ್ದೆ. ನಮ್ಮ ಎರಡು ಮನೆಗಳ ನಡುವೆ ಇಂದಿಗೂ ಮಾತು ಅಷ್ಟಕ್ಕಷ್ಟೇ.

ನಾನು ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಟೀಚರ್ ಹೊರಗೆ ಹೋದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಕ್ಲಾಸ್ ಲೀಡರ್ ಒಬ್ಬಳು ಇರುತ್ತಾಳಲ್ಲ, ಅವಳೇ ನಾನು. ಗೆಳತಿಯರು ಕಡಿಮೆ ಇದ್ದರು ಎಂದು ಬೇರೆ ಹೇಳಬೇಕೇ? ಮದುವೆಯಾಗಿ ಕಳಸದ ಕಡೆಯ ಈ ತೋಟಕ್ಕೆ ಬಂದಾಗ ರೂಲ್ಸೆಲ್ಲ ಶಾಲೆಯ ಗೇಟಿನಲ್ಲೇ ಉಳಿದವು ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ಶಿಕಾರಿಗೆ ಇರುವಷ್ಟು ನಿಯಮಗಳು ನಮ್ಮ ಸಿಸ್ಟರುಗಳ ಹತ್ತಿರವೂ ಇರಲಿಲ್ಲ.

ಅವನ್ನೆಲ್ಲ ನನಗೆ ಕಲಿಸಿದವರು ಮಾವ. ಆ ಹೊತ್ತಿಗೆ ಅವರು ಕೋವಿ ಕೆಳಗಿಟ್ಟು ವರ್ಷಗಳಾಗಿದ್ದವು, ಬಾಯಿ ಮಾತ್ರ ಇನ್ನೂ ಕಾಡಿನಲ್ಲೇ ಇತ್ತು. ಮರಿ ಹಿಂದಿಟ್ಟುಕೊಂಡ ಹೆಣ್ಣುಹಂದಿಗೆ ಗುರಿ ಇಡಬಾರದು. ಗಾಯಗೊಂಡ ಮಿಕವನ್ನು ಹಾಗೇ ಬಿಟ್ಟು ಮನೆಗೆ ಬರಬಾರದು. ಎಷ್ಟು ದೂರ ಓಡಿದರೂ ಹಿಂದೆ ಹೋಗಿ ಮುಗಿಸಬೇಕು. ಆಮೇಲೆ ಪಾಲು. ಗುಂಡು ಹೊಡೆದವನಿಗೆ ತಲೆ. ಕಾಡಿಗೆ ನುಗ್ಗಿ ಕೂಗೆಬ್ಬಿಸಿದವರಿಗೆ ಪಾಲು, ನಾಯಿಗೆ ಪಾಲು, ಹಂದಿ ಬಿದ್ದ ಜಾಗ ಯಾರದೋ ಆ ಮನೆಗೊಂದು ಪಾಲು. ಮನೆಯಲ್ಲಿ ಬಸುರಿ ಇದ್ದರೆ ಅವಳ ಹೆಸರಿಗೂ ಒಂದು. ಹಾಗೆ ನನ್ನ ಮೊದಲ ಬಸಿರಿನಲ್ಲಿ ಬಾಳೆಎಲೆಯ ಪೊಟ್ಟಣವೊಂದು ಬಂದಿತ್ತು. ಇನ್ನೂ ಹುಟ್ಟದವರನ್ನೂ ಈ ಜನ ಪಂಕ್ತಿಯಲ್ಲಿ ಕೂರಿಸಿದರಲ್ಲ ಎಂದು ನನಗೆ ಕಣ್ಣು ತುಂಬಿತು. ಬೇಯುವ ವಾಸನೆಗೆ ವಾಂತಿಯೂ ಆಯಿತು.

ಪಾಲು ತಿಂದ ಮನೆ ಬಾಯಿ ಬಿಡುವಂತಿಲ್ಲ ಎನ್ನುವುದೂ ಒಂದು ನಿಯಮ. ಅದನ್ನು ಯಾರೂ ಕಲಿಸಲಿಲ್ಲ. ಬೇಯಿಸುತ್ತ ಬೇಯಿಸುತ್ತ ತಾನಾಗಿ ತಿಳಿಯಿತು.

ಕೆಲವು ವರ್ಷಗಳ ಹಿಂದೆ, ತೆನೆ ಬಾಗುವ ಹೊತ್ತಿನಲ್ಲಿ, ಹಂದಿಗಳು ಎರಡೂ ಮನೆಯ ಗದ್ದೆಗಿಳಿದವು. ಬೆಳಿಗ್ಗೆ ನೋಡಿದರೆ ಪೈರು ಚಾಪೆ ಹಾಸಿದ ಹಾಗೆ ಮಲಗಿತ್ತು. ಸುರೇಶ ಭಾವ ನಮ್ಮ ಮನೆಯವರ ದೊಡ್ಡಪ್ಪನ ಮಗ, ಸುಮ್ಮನೆ ಕೂರುವ ಜಾಯಮಾನದವರಲ್ಲ. ನಮ್ಮ ತೋಟದ ಬೇಲಿಯಡಿ ಹಂದಿ ನುಸುಳುವ ಕಂಡಿಗಳಲ್ಲಿ ಸ್ಕೂಟರಿನ ಕ್ಲಚ್ ವೈರಿನ ಉರುಳು ಕಟ್ಟಿದರು. "ಕೋವಿ ಹೊಡದ್ರೆ ಊರಿಗೆಲ್ಲ ಕೇಳ್ತದೆ ಮಾರಾಯ. ಉರುಳಿಗೆ ಬಾಯಿಲ್ಲ" ಎಂದು ಇವರ ಹತ್ತಿರ ನಕ್ಕರು. ಇವರು "ಹೂಂ" ಎಂದರು. ನನ್ನ ಗಂಡ ಅಣ್ಣಂದಿರಿಗೆ ಬೇರೆ ಏನನ್ನೂ ಹೇಳಿದ್ದನ್ನು ನಾನು ಕೇಳಿಲ್ಲ.

ಮರುದಿನ ಕೆಸುವಿನ ಎಲೆ ಕೊಯ್ಯಲು ಬೇಲಿಯ ಕಡೆ ಹೋದವಳು ಅದನ್ನು ನೋಡಿದೆ. ಹೆಣ್ಣುಹಂದಿ. ವೈರು ಸೊಂಟಕ್ಕೆ ಬಿದ್ದಿತ್ತು, ಪ್ರಾಣ ಹೋಗಿತ್ತು. ಹಂದಿಗಿಂತ ಹೆಚ್ಚಾಗಿ ನಾನು ನೆಲವನ್ನು ನೋಡುತ್ತ ನಿಂತುಬಿಟ್ಟೆ. ವೈರು ಎಷ್ಟು ಉದ್ದವಿತ್ತೋ ಅಷ್ಟಕ್ಕೆ ಸುತ್ತಿ ಸುತ್ತಿ, ಕಂಪಾಸು ಇಟ್ಟು ಎಳೆದ ಹಾಗೆ ಒಂದು ವೃತ್ತ. ಒಳಗೆ ಒಂದು ಹುಲ್ಲುಕಡ್ಡಿಯೂ ಉಳಿದಿರಲಿಲ್ಲ. ವೈರು ಕಟ್ಟಿದ ಕಾಫಿ ಗಿಡದ ಸಿಪ್ಪೆ ಪೂರ್ತಿ ಸುಲಿದಿತ್ತು. ವೃತ್ತದ ಹೊರಗೆ ಹಸಿ ಮಣ್ಣಿನಲ್ಲಿ ಪುಟ್ಟ ಪುಟ್ಟ ಗೊರಸಿನ ಗುರುತು. ಮರಿಗಳು ಬಂದು, ಕಾದು, ಹೋಗಿದ್ದವು. ಉರುಳಿಗೆ ಬಾಯಿ ಮಾತ್ರವಲ್ಲ, ಕಣ್ಣೂ ಇಲ್ಲ.

ಎಲೆ ಅಲ್ಲೇ ಬಿಟ್ಟು, ಸೀರೆ ಬದಲಿಸಿ, ಬಸ್ಸು ಹತ್ತಿ ಅರಣ್ಯ ಇಲಾಖೆಯ ಆಫೀಸಿಗೆ ಹೋದೆ. ಹೆಸರು ಬರೆಸಲಿಕ್ಕಲ್ಲ, ಬೋರ್ಡಿನ ಚಟ ಬಿಟ್ಟು ಬಹಳ ಕಾಲವಾಗಿತ್ತು. ಕಾಡುಹಂದಿ ಹೊಡೆಯಲು ಏನು ನಿಯಮ ಎಂದಷ್ಟೇ ಕೇಳಿದೆ. ಅಲ್ಲಿದ್ದ ಅಧಿಕಾರಿ ಪೆನ್ನು ಕೆಳಗಿಟ್ಟರು.

"ಹೊಡೆದು ಸಿಕ್ಕಿಬಿದ್ದವರು ಬರ್ತಾರೆ ಮೇಡಂ. ಮೊದಲೇ ರೂಲ್ಸ್ ಕೇಳ್ಕೊಂಡು ಬಂದವ್ರು ನೀವೊಬ್ರೇ."

ಆಮೇಲೆ ಸಮಾಧಾನವಾಗಿಯೇ ಹೇಳಿದರು. ಕೋವಿಗೆ ಲೈಸೆನ್ಸ್ ಇದೆ ಎಂದರೆ ಶಿಕಾರಿಗೆ ಲೈಸೆನ್ಸ್ ಇದೆ ಎಂದಲ್ಲ. ಬೆಳೆ ಹಾಳಾದರೆ ಅರ್ಜಿ ಕೊಡಬೇಕು, ಅವರು ಬಂದು ನೋಡಬೇಕು, ಮೇಲಿನಿಂದ ಲಿಖಿತ ಅನುಮತಿ ಬಂದರೆ ಮಾತ್ರ ಮುಂದಿನ ಮಾತು. ಆಗಲೂ ಮಾಂಸ ಮನೆಗೆ ಒಯ್ಯುವಂತಿಲ್ಲ. ಉರುಳಂತೂ ಯಾವ ಕಾಲಕ್ಕೂ ಇಲ್ಲ.

ನಾನು ಹಿಂದಿರುಗುವ ಹೊತ್ತಿಗೆ ಸುರೇಶ ಭಾವ ಮಾವನ ಜೊತೆ ಜಗಲಿಯಲ್ಲಿ ಕೂತಿದ್ದರು. ಹಿಂದೆಯೇ ಅವರ ಹೆಂಡತಿ ವನಜಕ್ಕ ಪೊಟ್ಟಣ ಹಿಡಿದು ಬಂದರು. ಈ ಊರಿನಲ್ಲಿ ನನಗಿದ್ದ ಒಬ್ಬಳೇ ಗೆಳತಿ ವನಜಕ್ಕ.

"ತಗೋ ಮಾರಾಯ್ತಿ, ಬಿದ್ದ ಜಾಗದ ಪಾಲು. ಕಾಳುಮೆಣಸು ಜೋರು ಹಾಕು, ಮಾವಂಗೆ ಖಾರ ಬೇಕು."

"ಬೇಡ ಅಕ್ಕ. ವಾಪಸ್ ತಗೊಂಡು ಹೋಗಿ."

"ಎಂತಕ್ಕೆ? ಇವತ್ತು ಸೋಮವಾರವಾ?"

"ಸೋಮವಾರ ಅಲ್ಲ. ಉರುಳಿಗೆ ಬಿದ್ದದ್ದು ಇನ್ನು ನನ್ನ ಒಲೆ ಮೇಲೆ ಏರೋದಿಲ್ಲ."

ಸುರೇಶ ಭಾವ ಜಗಲಿಯಿಂದಲೇ ನಕ್ಕರು. "ಓಹೋ, ಬೆಳಿಗ್ಗೆ ಬಸ್ ಹತ್ತಿ ಫಾರೆಸ್ಟ್ ಆಫೀಸಿಗೆ ಹೋದದ್ದು ಇದಕ್ಕಾ? ಹಂದಿ ಓದಿದೆಯಾ ನಿನ್ನ ಕಾನೂನು?"

"ಹಂದಿ ಓದಿಲ್ಲ ಭಾವ. ನಾನು ಓದಿದೀನಿ."

ಮಾವ ಎದ್ದು ನಿಂತರು. ಇಷ್ಟು ವರ್ಷದಲ್ಲಿ ನನ್ನ ಮೇಲೆ ದನಿ ಎತ್ತಿದವರಲ್ಲ.

"ಈ ಮನೆಗೆ ಬಂದ ಪಾಲು ಇವತ್ತಿನವರೆಗೆ ವಾಪಸ್ ಹೋಗಿಲ್ಲ. ಕಳಿಸೋಕೆ ನೀನ್ಯಾರು?"

"ಬೇಯಿಸೋಳು ನಾನು, ಮಾವ."

ಶುರು ಮಾಡಿದ ಮೇಲೆ ನಿಲ್ಲಿಸುವುದು ಹೇಗೆಂದು ನನಗೂ ತಿಳಿಯಲಿಲ್ಲ. "ಇಲಾಖೆಯವರ ಮಾತು ಬಿಡಿ, ನಿಮ್ಮ ನಿಯಮವೇ ಹೇಳಿ. ಅದು ಮರಿ ಇದ್ದ ಹೆಣ್ಣು. ಅದು ಒದ್ದಾಡೋವಾಗ ಯಾರು ಹಿಂದೆ ಹೋದ್ರು? ಎಲ್ಲ ಮನೆಲಿ ಮಲಗಿದ್ರು. ತಲೆ ಯಾರಿಗೆ ಹೋಯ್ತು ಮಾವ?"

ಮಾವ ಸುರೇಶ ಭಾವನ ಕಡೆ ತಿರುಗಿದರು.

"ವೈರು ನಂದು ಚಿಕ್ಕಪ್ಪ" ಎಂದರು ಸುರೇಶ ಭಾವ. "ತಲೆ ನಂಗೇ."

"ವೈರಿಗೆ ತಲೆಯಾ?" ಎಂದರು ಮಾವ. ಸೀದಾ ಒಳಗೆ ಹೋದರು. ವನಜಕ್ಕ ಪೊಟ್ಟಣವನ್ನು ಎದೆಗೊತ್ತಿಕೊಂಡು ನಿಂತಿದ್ದವರು, "ಪಾಲು ಬಿಟ್ಟ ಮೇಲೆ ನಿಮ್ಮದೂ ನಮ್ಮದೂ ಬೇರೆಯಾಯ್ತು ನೋಡು" ಎಂದು ಮೆಟ್ಟಿಲಿಳಿದರು. ಎಲೆಯಿಂದ ಒಂದು ಹನಿ ಮೆಟ್ಟಿಲ ಮೇಲೆ ಬಿತ್ತು. ಅದನ್ನು ತೊಳೆಯುವಾಗ ನನಗೆ ಅಳು ಬಂತು, ಸುಳ್ಳೇಕೆ?

ಅಂದಿನಿಂದ ಅವರ ಮನೆಯ ಪೂಜೆಗೂ ಹರಿಸೇವೆಗೂ ನಮಗೆ ಕರೆ ಬಂದಿಲ್ಲ. ಮಾವ ನನ್ನೆದುರು ಸೋತದ್ದನ್ನು ಬೇಳೆಸಾರಿನ ಮೇಲೆ ತೀರಿಸಿಕೊಂಡರು. ಪೇಟೆಯಿಂದ ತರಿಸಿದ ಹಂದಿಮಾಂಸಕ್ಕೆ "ಇದು ಹತ್ತಿ ಅಗಿದ ಹಾಗಿದೆ" ಎಂದರು. ಇನ್ನು ಹಂದಿಗಳು ನನ್ನ ಉಪಕಾರ ಸ್ಮರಿಸಿ ಗದ್ದೆ ಬಿಟ್ಟು ಹೋದವೆಂದು ತಿಳಿಯಬೇಡಿ. ಕಳೆದ ಸಲವೂ ತಿಂದವು. ಅರ್ಜಿ ಕೊಟ್ಟೆವು, ಇಲಾಖೆಯವರು ಬಂದು ಫೋಟೋ ಹಿಡಿದುಕೊಂಡು ಹೋದರು. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ ಮಾತ್ರಕ್ಕೆ ಉರುಳು ಸರಿಯಾಗುವುದಿಲ್ಲ ಎಂಬುದಷ್ಟೇ ಗೊತ್ತು. ಬೇಲಿಯಲ್ಲಿ ಆಗೊಮ್ಮೆ ಈಗೊಮ್ಮೆ ವೈರು ಕಾಣಿಸಿಕೊಳ್ಳುತ್ತದೆ. ನಾನು ಕಟಿಂಗ್ ಪ್ಲೇಯರ್ ಹಿಡಿದು ಸುತ್ತು ಹಾಕುತ್ತೇನೆ. ಕೆಲವು ಸಿಗುತ್ತವೆ, ಕೆಲವು ತಪ್ಪುತ್ತವೆ.

ಇವತ್ತು ಕಾಫಿ ಕೊಡಲು ಜಗಲಿಗೆ ಹೋದಾಗ ಮಾವ ಗದ್ದೆಯಾಚೆಯ ಹೊಗೆಯ ಕಡೆ ಮುಖ ಮಾಡಿ ಕೂತಿದ್ದರು. ಈಗ ಅವರಿಗೆ ಕಣ್ಣು ಮಂಜು. ಇನ್ನೇನು ಹಳೆಯ ರುಚಿಯ ಮಾತು ತೆಗೆಯುತ್ತಾರೆ ಎಂದು ನಾನು ಉತ್ತರ ಸಿದ್ಧಮಾಡಿಕೊಂಡೆ. ಅವರು ಲೋಟ ತೆಗೆದುಕೊಂಡು, ನನ್ನ ಕಡೆ ನೋಡದೆ ಹೇಳಿದರು:

"ನೀನು ಮೇಲಿನ ಬೇಲಿ ಮಾತ್ರ ನೋಡ್ತೀಯ. ಕೆಳಗೆ ಹಳ್ಳ ದಾಟೋ ಕಡೆ ಹಲಸಿನ ಬೇರಿನ ಸಂದು ನೋಡು. ನಾನಾಗಿದ್ರೆ ಅಲ್ಲೇ ಕಟ್ತಿದ್ದೆ."

ಹೋಗಿ ನೋಡಿದೆ. ಅಲ್ಲೇ ಇತ್ತು, ಒಣ ಎಲೆ ಹೊದಿಸಿ, ಬಹಳ ಅಚ್ಚುಕಟ್ಟಾಗಿ. ಕತ್ತರಿಸಿದೆ. ಯಾವಾಗಲೂ ತುಂಡುಗಳನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚುತ್ತಿದ್ದೆ. ಇವತ್ತು ಹಾಗೆ ಮಾಡಲಿಲ್ಲ. ಬೇಲಿಯ ಎತ್ತರದ ಗೂಟಕ್ಕೆ, ಆಚೆ ಮನೆಯ ಅಂಗಳಕ್ಕೆ ಕಾಣುವ ಹಾಗೆ, ನೇತುಹಾಕಿ ಬಂದಿದ್ದೇನೆ. ಯಾರು ತೆಗೆದದ್ದು ಎಂದು ವೈರಿನವರು ಬಂದು ಕೇಳಲಿ. ನಾನು ಮನೆಯಲ್ಲೇ ಇರುತ್ತೇನೆ.