ಗೋಡೆಯಂಚಿನ ಹತ್ತು ಮಿಲಿಮೀಟರ್

ಮರದ ಪುಡಿ ಒತ್ತಿ ಮಾಡಿದ ಲ್ಯಾಮಿನೇಟ್ ಹಲಗೆಗಳ ನೆಲ ಹಾಸುವ ಕೆಲಸದಲ್ಲಿ ಅವನದು ಪಳಗಿದ ಕೈ. ಇಪ್ಪತ್ತೆರಡು ವರ್ಷ ಪರರ ಮನೆಗಳಲ್ಲಿ ಮಂಡಿ ಸವೆಸಿದ್ದ. ಹಲಗೆಗೂ ಗೋಡೆಗೂ ನಡುವೆ ಹತ್ತು ಮಿಲಿಮೀಟರ್ ಜಾಗ ಬಿಡದೆ ಯಾವ ಕೋಣೆಯನ್ನೂ ಮುಗಿಸಿದವನಲ್ಲ. ಹಲಗೆ ತೇವ ಹೀರಿದರೆ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ನಡುವೆ ಉಬ್ಬಿ ಏಳುತ್ತದೆ. ಆ ಜಾಗ ಕಾಣದಂತೆ ಗೋಡೆಯುದ್ದಕ್ಕೂ ಮೇಲೊಂದು ಪಟ್ಟಿ ಹೊಡೆಯುತ್ತಾರೆ.

“ಊರಿಗೆಲ್ಲ ಹಾಸ್ತೀರಿ, ನಮ್ಮನೆಗೆ ಮಾತ್ರ ಬರೀ ಸಿಮೆಂಟು,” ಎಂದು ಹೆಂಡತಿ ಚುಚ್ಚುತ್ತಿದ್ದಳು. ಕೊನೆಗೆ ಅಲ್ಲಿ ಇಲ್ಲಿ ಉಳಿದ ಹಲಗೆಗಳನ್ನು ಕೂಡಿಸಿ ತಂದು ಮಲಗುವ ಕೋಣೆಗೆ ಹಾಸಿದ. ಪಟ್ಟಿ ಮಾತ್ರ ಎಲ್ಲೂ ಉಳಿದಿರಲಿಲ್ಲ. ಸಂದಿ ಬಾಯಿ ಬಿಟ್ಟುಕೊಂಡಿದ್ದರೆ ಅವಳು ಆಡಿಕೊಂಡಾಳೆಂದು ಹಲಗೆಗಳನ್ನು ಗೋಡೆಗೆ ಒತ್ತಿಯೇ ಕೂರಿಸಿದ. ಪಟ್ಟಿ ಸಿಕ್ಕಾಗ ಅಂಚು ಕೊಯ್ದರಾಯಿತು ಎಂದುಕೊಂಡ.

ಮಳೆಗಾಲ ಬಂತು, ಪಟ್ಟಿ ಬರಲಿಲ್ಲ. ಬಾಗಿಲ ಬಳಿ ನೆಲ ಎರಡು ಬೆರಳಷ್ಟು ಉಬ್ಬಿತು. ಒಗೆದ ಬಟ್ಟೆಯ ಬುಟ್ಟಿ ಹೊತ್ತು ಬಂದ ಅವಳು ಅದನ್ನು ಎಡವಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆರು ವಾರದ ನಂತರ ವೈದ್ಯರು, ಇನ್ನು ಅವಳು ನಡೆಯಲಾರಳು ಎಂದರು.

ಅವಳನ್ನು ಮನೆಗೆ ತಂದು ಮಲಗಿಸಿದ ದಿನವೇ ಅವನು ಗರಗಸ ಹಿಡಿದು ಗೋಡೆಯಂಚಿನ ಹಲಗೆಗಳನ್ನು ಕೊಯ್ದ. ಕೊನೆಯ ಚೂರು ತೆಗೆದಾಗ ಉಬ್ಬು ತಾನಾಗಿ ಇಳಿಯಿತು.

“ಮಟ್ಟ ಆಯ್ತೇನ್ರಿ?” ಹಾಸಿಗೆಯಿಂದ ಕೇಳಿದಳು.

“ಆಯ್ತು ಕಣೇ.”

“ಊರಿಗೆಲ್ಲ ಶಕುನ ಹೇಳೋ ಹಲ್ಲಿ...” ಎಂದು ಶುರುಮಾಡಿದವಳು ಅವನ ಮುಖ ನೋಡಿ ನಿಲ್ಲಿಸಿದಳು. “ಹೋಗಲಿ ಬಿಡಿ. ನೀವಾದ್ರೂ ಎಡವಲ್ಲ ಇನ್ಮೇಲೆ.”

ಅವನು ಸಂದಿಗೆ ಟೇಪು ಹಿಡಿದು ನೋಡಿದ. ಸರಿಯಾಗಿ ಹತ್ತು ಮಿಲಿಮೀಟರ್ ಇತ್ತು.