ಸೀರೆ ಬೇಲಿಯ ವಾಚರ್

ನನಗಾಗ ಐವತ್ತನಾಲ್ಕು. ಈಗಕ್ಕೆ ಹದಿನಾಲ್ಕು ವರ್ಷದ ಹಿಂದಿನ ಮಾತು. ಮೊನ್ನೆ ಮಳೆಗಾಲಕ್ಕೆ ಸೌದೆ ಒಟ್ಟೋಣವೆಂದು ಅಟ್ಟ ಖಾಲಿ ಮಾಡುತ್ತಿದ್ದಾಗ ಹರಕು ಗೋಣಿಯೊಳಗಿಂದ ಮರದ ಗಂಟೆಯೊಂದು ಉರುಳಿ ಬಿತ್ತು. ಕಾಡಿಗೆ ಬಿಡುವ ದನದ ಕೊರಳಿಗೆ ಕಟ್ಟುವ ಗಂಟೆ, ಹಲಸಿನ ಮರದ್ದು. ಒಂದು ಅಂಚನ್ನು ಗೆದ್ದಲು ತಿಂದಿದೆ. ಅಲ್ಲಾಡಿಸಿದರೆ ಇನ್ನೂ ಲೊಟಲೊಟ ಅನ್ನುತ್ತದೆ. ಒಳಗಿನ ಕಡ್ಡಿಗೆ ಒಂದು ಕೆಂಪು ನೂಲು ಸಿಕ್ಕಿಕೊಂಡಿತ್ತು. ಅದನ್ನು ಕಂಡ ಮೇಲೆ ಸೌದೆಯ ಕೆಲಸ ಅಲ್ಲಿಗೇ ನಿಂತಿತು.

ಇದು ನಮ್ಮ ಊರಿನ ಕಾಡು ಕಾಯುತ್ತಿದ್ದ ವಾಚರ್‌ನ ಮಾತು. ಹೆಸರು ಬೇಡ. ಅವನ ಹೆಂಡತಿ ಮಕ್ಕಳು ಇದ್ದಾರೆ. ನಾನು ಓದಿದ್ದು ಮೂರನೇ ಕ್ಲಾಸು, ಬಂದ ಹಾಗೆ ಬರೆಯುತ್ತೇನೆ.

ನಮ್ಮವರು ಹಾಸನದ ಕಡೆಯಿಂದ ಬಂದು ಸುಂಟಿಕೊಪ್ಪದ ಕೆಳಗೆ ಕಾಡಂಚಿನಲ್ಲಿ ಮನೆ ಮಾಡಿದವರು. ಗಂಡ ಹೋದ ಮೇಲೆ ನನಗೆ ಉಳಿದದ್ದು ಮೂರು ದನ. ಹಾಲು ಸುಂಟಿಕೊಪ್ಪದ ಒಂದು ಹೋಟೆಲಿಗೆ ಹೋಗುತ್ತಿತ್ತು. ಮೇಯಿಸಲು ಸ್ವಂತ ಜಾಗ ಅಂಗೈ ಅಗಲವೂ ಇಲ್ಲ. ಒಂದು ಕಡೆ ಕಾಫಿ ಎಸ್ಟೇಟು, ಅದರೊಳಗೆ ದನ ಕಾಲಿಟ್ಟರೆ ಅಲ್ಲಿನ ಲೆಕ್ಕ ಬರೆಯುವ ರೈಟರ್ ಊರಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದ. ಇನ್ನೊಂದು ಕಡೆ ಸರ್ಕಾರದ ಕಾಡು. ಊರಿನ ಅಷ್ಟೂ ದನ ಹೋಗುತ್ತಿದ್ದುದು ಅಲ್ಲಿಗೇ.

ಆ ಕಾಡಿನ ಬಿದಿರು ಒಂದು ವರ್ಷ ಹೂಬಿಟ್ಟಿತು. ಹೂಬಿಟ್ಟ ಬಿದಿರು ಉಳಿಯುವುದಿಲ್ಲ. ನಾವು ಹೆಂಗಸರು ಮೆಳೆಯ ಅಡಿ ಗುಡಿಸಿ ಬಿದಿರಕ್ಕಿ ತಂದು ಗಂಜಿ ಮಾಡಿ ಉಂಡೆವು. ಆಮೇಲೆ ಮೆಳೆಗಳೆಲ್ಲ ಒಣಗಿ ಬಿದ್ದವು. ತಿನ್ನಲು ಬಿದಿರಿಲ್ಲದೆ ಆನೆಗಳು ಊರೊಳಗೆ ಬಂದು ಬಾಳೆ ಮುರಿದವು, ಗದ್ದೆ ತುಳಿದವು. ಮುಂದಿನ ಮಳೆಗೆ, ಕಾಡಿನ ನಡುವೆ ಹರಿಯುವ ಹಳ್ಳದ ಆಚೆ ಬಿದಿರಿನ ಸಸಿ ಎದ್ದವು. ನೋಡಲು ಹುಲ್ಲಿನ ಹಾಗೇ. ಅದರ ರುಚಿ ಹತ್ತಿದರೆ ದನ ಬೇರೆ ಹುಲ್ಲಿಗೆ ಬಾಯಿ ಹಾಕುವುದಿಲ್ಲ.

ಇನ್ನು ಕಾಡಿಗೆ ಒಂದು ದನವೂ ಹೋಗಬಾರದು ಎಂದು ಮೇಲಿನವರು ಹೇಳಿದರಂತೆ. ವಾಚರ್ ಹೋಗಿ ಅವರ ಹತ್ತಿರ ಮಾತಾಡಿ ಬಂದ. ಬಂದವನು ನಮ್ಮನ್ನೆಲ್ಲ ಸ್ಕೂಲಿನ ಜಗಲಿಯಲ್ಲಿ ಕೂರಿಸಿದ.

"ಹಳ್ಳದ ಆಚೆ ಮೂರು ವರ್ಷ ಬಿಟ್ಟುಬಿಡಿ. ಈಚೆ ಎಷ್ಟಾದ್ರೂ ಮೇಯ್ಸಿ, ನಾನು ಕೇಳಲ್ಲ. ಬಿದಿರು ಆಳೆತ್ತರ ಬಂದ್ರೆ ಆನೆ ನಿಮ್ಮ ಬಾಳೆ ಬಿಟ್ಟು ಅಲ್ಲಿಗೆ ಹೋಗ್ತದೆ. ನಿಮ್ಮನ್ನ ನಂಬ್ಕೊಂಡು ಸಾಹೇಬ್ರಿಗೆ ಮಾತು ಕೊಟ್ಟು ಬಂದಿದ್ದೀನಿ."

"ಬೇಲಿ ಎಲ್ಲಪ್ಪಾ?" ಎಂದು ನಾನು ಕೇಳಿದೆ.

"ಬೇಲಿ ಇಲ್ಲ ಅಕ್ಕ. ನಿಮ್ಮ ಹಳೇ ಸೀರೆ ಕೊಡಿ, ಮರಕ್ಕೆ ಕಟ್ತೀನಿ."

"ನಮ್ಮ ಸೀರೆ ನೋಡಿ ದನ ನಿಲ್ತಾವಾ?" ಎಂದು ನನ್ನ ಪಕ್ಕದ ಮನೆಯವಳು ನಕ್ಕಳು.

"ದನ ನಿಲ್ಲಲ್ಲ. ದನ ಹೊಡೆಯೋ ಅಕ್ಕಂದಿರು ನಿಲ್ತಾರೆ" ಅಂದ.

ಎಲ್ಲರೂ ಕೊಟ್ಟೆವು. ನಾನು ಕೊಟ್ಟದ್ದು ಒಂದು ಕೆಂಪು ಸೀರೆಯ ಅರ್ಧ. ಅವನು ಪಟ್ಟಿ ಪಟ್ಟಿ ಹರಿದು ಹಳ್ಳದ ಉದ್ದಕ್ಕೂ ಮರಗಳಿಗೆ ಕಟ್ಟಿದ. ಊರವರು ಅದನ್ನು ಸೀರೆ ಬೇಲಿ ಅನ್ನತೊಡಗಿದರು.

ಇನ್ನೊಂದು ಕಟ್ಟು ಮಾಡಿದ್ದ. ಗಂಟೆ ಇಲ್ಲದೆ ಒಂದು ಕರುವೂ ಕಾಡಿಗೆ ಬರಬಾರದು. ಗಂಟೆ ಕೇಳಿದರೆ ದನ, ಗಂಟೆ ಕೇಳದೆ ಗಿಡ ಅಲ್ಲಾಡಿದರೆ ಆನೆ ಎಂದು ಅವನಿಗೂ ನಮಗೂ ತಿಳಿಯಬೇಕಲ್ಲ. ಹಳ್ಳದ ಬಂಡೆಯ ಮೇಲೆ ಎಲೆಅಡಿಕೆ ಜಗಿಯುತ್ತ ಕೂತಿರುತ್ತಿದ್ದ. ದನ ಕಣ್ಣಿಗೆ ಕಾಣದಿದ್ದರೂ, "ಅಕ್ಕ, ನಿನ್ನ ಕಪ್ಪಿ ಒಂದೇ ದೂರ ಹೋಯ್ತು ನೋಡು" ಅನ್ನುತ್ತಿದ್ದ. ಹೋಗಿ ನೋಡಿದರೆ ಹಾಗೇ ಇರುತ್ತಿತ್ತು...

ಒಂದು ವರ್ಷ ಬೇಲಿ ನಿಂತಿತು. ಎರಡನೆಯ ಬೇಸಿಗೆಯಲ್ಲಿ ಈಚೆಯ ಹುಲ್ಲು ಸುಟ್ಟ ಹಾಗಾಯಿತು, ಹಾಲು ಅರ್ಧಕ್ಕೆ ಇಳಿಯಿತು. ಹೋಟೆಲಿನವನು ಬೇರೆ ಕಡೆ ನೋಡಿಕೊಳ್ಳುತ್ತೇನೆ ಅಂದ. ನಾನು ಮನೆಯಲ್ಲಿ ಉಳಿದಿದ್ದ ಅರ್ಧ ಸೀರೆ ಹರಿದು ಮೂರು ಗಂಟೆಗಳ ಬಾಯಿಗೂ ತುರುಕಿದೆ. ವಾಚರ್ ಮಧ್ಯಾಹ್ನ ಊಟಕ್ಕೆ ಹೋದ ಹೊತ್ತಿನಲ್ಲಿ ದನಗಳನ್ನು ಹಳ್ಳ ದಾಟಿಸಿದೆ. ಒಂದು ವಾರ ಹಾಗೇ ನಡೆಯಿತು. ಹಾಲು ಏರಿತು.

ಎಂಟನೆಯ ದಿನ ಅವನು ಬಿಳಿಚಿಕೊಂಡ ಮುಖದಲ್ಲಿ ಪೊದೆ ಸರಿಸಿ ನನ್ನೆದುರು ಬಂದು ನಿಂತ. ಕಪ್ಪಿಯ ಗಂಟೆಗೆ ಬೆರಳು ಹಾಕಿ ಬಟ್ಟೆ ಎಳೆದ. ಅದನ್ನು ನೋಡಿದ, ಮರಕ್ಕೆ ಕಟ್ಟಿದ್ದ ಪಟ್ಟಿಯನ್ನು ನೋಡಿದ.

"ಒಂದೇ ಸೀರೆ ಅಕ್ಕ. ಬೇಲಿಗೂ ಆಯ್ತು, ಬೇಲಿ ಹಾರೋಕೂ ಆಯ್ತು."

"ನನ್ನ ದನದ ಹೊಟ್ಟೆಗೆ ನಿನ್ನ ಸಾಹೇಬ ಹಾಕ್ತಾನಾ?" ಎಂದು ನಾನೇ ಜಗಳಕ್ಕೆ ನಿಂತೆ. ತಪ್ಪು ನನ್ನದಿತ್ತು, ಅದಕ್ಕೇ ಬಾಯಿ ಜೋರು.

"ಹುಲ್ಲು ಬೇಕಾದ್ರೆ ನಾನು ಕೊಯ್ದು ಹಾಕ್ತೀನಿ. ಗಂಟೆ ಬಾಯಿ ಮಾತ್ರ ಮುಚ್ಚಬೇಡ ಮಾರಾಯ್ತಿ. ಆನೆ ಅಂದ್ಕೊಂಡು ನನಗೆ ಕಾಲೇ ಬರ್ಲಿಲ್ಲ."

ಬಟ್ಟೆಯನ್ನು ನನ್ನ ಕೈಗೇ ಕೊಟ್ಟ. ಯಾರಿಗೂ ಹೇಳಲಿಲ್ಲ. ಮಾರನೆಯ ಸಂಜೆ ನನ್ನ ಕೊಟ್ಟಿಗೆಯ ಮುಂದೆ ಒಂದು ಹೊರೆ ಹಸಿ ಹುಲ್ಲು ಬಿದ್ದಿತ್ತು. ಅದನ್ನು ದನಕ್ಕೆ ಹಾಕಿದೆ. ನಾಲ್ಕು ದಿನ ಬಿಟ್ಟು ಅದೇ ಬಟ್ಟೆಯನ್ನು ಮತ್ತೆ ಗಂಟೆಗೆ ತುರುಕಿದೆ. ಯಾಕೆ ಎಂದರೆ, ಸಿಕ್ಕಿಬಿದ್ದರೂ ಇವನು ಏನೂ ಮಾಡುವುದಿಲ್ಲ ಎಂದು ಗೊತ್ತಾಗಿತ್ತು. ಅಷ್ಟೇ.

ಅವನಿಗೆ ತಿಳಿಯಿತು. ಗೊರಸಿನ ಗುರುತು ಅವನಿಗೆ ಯಾರೂ ತೋರಿಸಬೇಕಿರಲಿಲ್ಲ. "ಗಂಟೆ ನಿದ್ದೆ ಮಾಡ್ತಿದ್ಯಾ ಅಕ್ಕ?" ಎಂದು ಬಂಡೆಯ ಮೇಲಿಂದ ಎರಡು ಸಲ ಕೇಳಿದ. ನಾನು ಕೇಳಿಸದವಳ ಹಾಗೆ ಹೋದೆ.

ಆಮೇಲೊಂದು ದಿನ ಬೆಳಿಗ್ಗೆ ಕಪ್ಪಿ ಕರು ಹಾಕಿತು. ಅದಕ್ಕೆ ಬಿಸಿನೀರು, ಬಾಣಂತನ ಅಂತ ಯಾವ ದನವನ್ನೂ ಮೇಯಲು ಬಿಡದೆ ಮನೆಯಲ್ಲೇ ಉಳಿದೆ. ಗಂಟೆಗಳು ಬಟ್ಟೆ ಸಮೇತ ಕೊಟ್ಟಿಗೆಯ ಕಂಬಕ್ಕೆ ನೇತಾಡುತ್ತಿದ್ದವು. ಮಧ್ಯಾಹ್ನ ಪಕ್ಕದ ಮನೆಯವಳು ಏದುಸಿರು ಬಿಡುತ್ತ ಓಡಿಬಂದಳು. ಅವಳು ಹಳ್ಳದ ಈಚೆ ದನ ಮೇಯಿಸುತ್ತಿದ್ದಳಂತೆ.

"ಆಚೆ ಗಿಡ ಅಲ್ಲಾಡ್ತಿತ್ತು, ಗಂಟೆ ಇರಲಿಲ್ಲ. ವಾಚರ್‌ಗೆ ಹೋಗ್ಬೇಡ ಅಂದೆ. ಆನೆ ಅಲ್ಲ ಬಿಡು, ನನಗೆ ಗೊತ್ತು ಅಂತ ನಗ್ತಾ ಹೋದ. 'ಅಕ್ಕಾ, ಹೊಡ್ಕೊಂಡು ಬಾ, ಯಾರಿಗೂ ಹೇಳಲ್ಲ' ಅಂತ ಕೂಗಿದ. ಯಾವ ಅಕ್ಕನ್ನ ಕರೆದ್ನೋ... ಒಳಗಿದ್ದದ್ದು ಆನೆ."

ಅವನಿಗೆ ಊರಿನ ಹೆಂಗಸರೆಲ್ಲ ಅಕ್ಕಂದಿರೇ. ಯಾರನ್ನು ಕರೆದ ಎಂದು ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿಯಿತು.

ಮಡಿಕೇರಿ ಆಸ್ಪತ್ರೆ ಮುಟ್ಟುವ ಮೊದಲೇ ಅವನ ಜೀವ ಹೋಯಿತು. ಸಂಜೆ ಸಾಹೇಬರು ಬಂದು ಮನೆಮನೆಯಲ್ಲೂ ಕೇಳಿದರು, ಯಾರ ದನವಾದರೂ ಆಚೆ ಹೋಗಿತ್ತಾ ಎಂದು. "ಇಲ್ಲ ಸ್ವಾಮಿ, ನನ್ನವು ಕೊಟ್ಟಿಗೇಲೇ ಇದ್ದಾವೆ, ನೋಡಿ" ಅಂದೆ. ಆಡಿದ ಮಾತಿನಲ್ಲಿ ಸುಳ್ಳಿರಲಿಲ್ಲ. ಸಾಹೇಬರು ಕರುವನ್ನು ನೋಡಿ ಹೋದರು. ಕಂಬದ ಮೇಲಿನ ಗಂಟೆಗಳನ್ನು ನೋಡಲಿಲ್ಲ.

ಆಮೇಲೆ ದುಬಾರೆಯಿಂದ ಸಾಕಾನೆ ತಂದು ಕಾಡಾನೆಯನ್ನು ಅಟ್ಟಿದರು. ಕಾಡಿನ ಸುತ್ತ ಕಂದಕ ತೆಗೆದರು. ಒಂದು ದನವೂ ಒಳಗೆ ಹೋಗುವ ಹಾಗಿಲ್ಲ ಎಂದಾಯಿತು. ನಮ್ಮ ಪರವಾಗಿ ಹೋಗಿ ಮಾತಾಡುತ್ತಿದ್ದವನು ಒಬ್ಬನೇ, ಅವನೇ ಇರಲಿಲ್ಲ. ಊರಿನ ಕೊಟ್ಟಿಗೆಗಳು ಒಂದೊಂದಾಗಿ ಖಾಲಿಯಾದವು. ನಾನೂ ದನ ಮಾರಿ ಎಸ್ಟೇಟಿಗೆ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಹೋದೆ. ಈಗ ನಮ್ಮ ಊರಿಗೆ ಪ್ಯಾಕೆಟ್ ಹಾಲು ಬರುತ್ತದೆ.

ಎರಡು ವರ್ಷ ಕಳೆದು ಸುಂಟಿಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಅವನ ಹೆಂಡತಿ ಸಿಕ್ಕಳು. ತವರಿನಲ್ಲಿದ್ದಳು. ನನ್ನ ಕೈ ಹಿಡಿದುಕೊಂಡು, "ನಿಮ್ಮ ವಿಷಯ ಯಾವಾಗಲೂ ಹೇಳೋರು ಅಕ್ಕ. ಮೊದಲು ಸೀರೆ ಕೊಟ್ಟಿದ್ದು ನೀವಂತೆ" ಅಂದಳು. ನನ್ನ ಬಸ್ಸು ಇನ್ನೂ ಬಂದಿರಲಿಲ್ಲ. ಬಂತು ಎಂದು ಹೇಳಿ ಕೈ ಬಿಡಿಸಿಕೊಂಡೆ.

ಗಂಟೆ ಸಿಕ್ಕ ದಿನ ಸಂಜೆ ಕಂದಕದವರೆಗೆ ನಡೆದು ಹೋದೆ. ಆಚೆ ಬಿದಿರು ಆಕಾಶ ಮುಟ್ಟುವ ಹಾಗೆ ನಿಂತಿದೆ. ಆನೆ ಮೊದಲಿನಷ್ಟು ಊರಿಗೆ ಬರುವುದಿಲ್ಲ. ಅವನು ಹೇಳಿದ್ದೇ ಆಯಿತು. ನೋಡಲು ಅವನಿಲ್ಲ. ಸೀರೆಯ ಪಟ್ಟಿಗಳಂತೂ ಎಂದೋ ಕೊಳೆತು ಹೋದವು. ಆ ಬಂಡೆ ಎಲ್ಲಿತ್ತು ಎಂದು ಈಚೆಯಿಂದಲೇ ಕಣ್ಣಲ್ಲಿ ಹುಡುಕಿದೆ, ಗುರುತು ಸಿಗಲಿಲ್ಲ...

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆಯಬೇಕು. ಅವನು ಸತ್ತ ಮಾರನೆಯ ಬೆಳಿಗ್ಗೆ ಬೇಗ ಎದ್ದೆ. ಮೂರು ಗಂಟೆಗಳಿಂದಲೂ ಬಟ್ಟೆ ಕಿತ್ತು ಕಾಫಿ ಕಾಯಿಸುವ ಒಲೆಗೆ ಹಾಕಿದೆ. ಕಪ್ಪಿಯನ್ನೂ ಕರುವನ್ನೂ ಕೊಟ್ಟಿಗೆಯಲ್ಲೇ ಬಿಟ್ಟು, ಜೋರಾಗಿ ಬಡಿಯುವ ಕಪ್ಪಿಯ ಗಂಟೆಯನ್ನು ಇನ್ನೊಂದು ದನಕ್ಕೆ ಕಟ್ಟಿದೆ. ನನ್ನ ದನದ ಗಂಟೆಯ ಬಾಯಿ ಮುಚ್ಚಿಲ್ಲ ಎಂದು ಊರಿಗೆ ಗೊತ್ತಾಗಲೆಂದೇ ಅವನ ಮನೆಯ ಮುಂದಿನ ದಾರಿಯಲ್ಲಿ ಎರಡನ್ನೂ ಹೊಡೆದುಕೊಂಡು ಹೋದೆ. ಹೆಣ ಇನ್ನೂ ಮಡಿಕೇರಿಯಿಂದ ಬಂದಿರಲಿಲ್ಲ, ಅಂಗಳದ ತುಂಬ ಜನ ಕೂತಿದ್ದರು. ಎಲ್ಲರೂ ತಲೆ ಎತ್ತಿ ನೋಡಿದರು. ನನ್ನ ದನದ ಗಂಟೆ ಅಷ್ಟೂ ಜನಕ್ಕೆ ಕೇಳಿಸಿತು.